ಮಾನಿಟರ್ 1080ಪಿ, ರೆಂಡರ್ 4ಕೆ: ಉಳಿದ ಪಿಕ್ಸೆಲ್‌ಗಳು ಎಲ್ಲಿಗೆ ಹೋಗುತ್ತವೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಹೋಂಸ್ಟೇ ಕಟ್ಟಿಸುವವರಿಗೆ ಮನೆ, ತೋಟದ ತ್ರೀಡಿ ವಾಕ್‌ಥ್ರೂ ಮಾಡಿಕೊಡುತ್ತೇನೆ. ತ್ರೀಡಿ ಸಾಫ್ಟ್‌ವೇರ್ ಹೆಚ್ಚಾಗಿ ಅನ್‌ರಿಯಲ್ ಎಂಜಿನ್, ಒಮ್ಮೊಮ್ಮೆ ಬ್ಲೆಂಡರ್. ನನ್ನದು 24 ಇಂಚಿನ 1920×1080 ಮಾನಿಟರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಕ್ಯಾಮೆರಾ ಸರಿದಾಗ ಹೆಂಚಿನ ಸಾಲು, ಅಡಿಕೆ ಸೋಗೆ, ಕರೆಂಟ್ ತಂತಿ ಎಲ್ಲ ಮಿಣಮಿಣ ಅನ್ನುತ್ತವೆ. ಶಿವಮೊಗ್ಗದ ಒಬ್ಬ ಸ್ನೇಹಿತ, '4ಕೆಯಲ್ಲಿ ರೆಂಡರ್ ಮಾಡು, ಇದೇ ಮಾನಿಟರಿನಲ್ಲೇ ಚೆನ್ನಾಗಿ ಕಾಣುತ್ತೆ' ಎನ್ನುತ್ತಾನೆ. ಇನ್ನೊಬ್ಬ, 'ಮಾನಿಟರಿನಲ್ಲಿ ಇಲ್ಲದ ಪಿಕ್ಸೆಲ್ ಕಣ್ಣಿಗೆ ಹೇಗೆ ಕಾಣುತ್ತೆ, ಸುಮ್ನೆ ಕರೆಂಟ್ ದಂಡ' ಎನ್ನುತ್ತಾನೆ. ಯಾರು ಸರಿ? ಮಾಡುವುದಾದರೆ ಹೇಗೆ? ಅಥವಾ 4ಕೆ ಮಾನಿಟರನ್ನೇ ತಗೊಳ್ಳಲಾ?

ಉತ್ತರ: ಮೊದಲನೆಯ ಸ್ನೇಹಿತ ಹೇಳಿದ್ದು ನಿಜ. ಆದರೆ ಎರಡನೆಯವರ ಅನುಮಾನವನ್ನೂ ತಳ್ಳಿಹಾಕಬೇಡಿ. ಹೆಂಚು, ಸೋಗೆ, ತಂತಿ ಈ ಮೂರಕ್ಕೂ 4ಕೆ ರೆಂಡರ್ (ಕಂಪ್ಯೂಟರ್ ತ್ರೀಡಿ ಮಾಡೆಲ್‌ನಿಂದ ಚಿತ್ರ ಬಿಡಿಸುವುದೇ ರೆಂಡರ್) ಒಂದೇ ಥರ ಕೆಲಸ ಮಾಡುವುದಿಲ್ಲ. ಹೆಂಚಿಗೆ ತಕ್ಕಮಟ್ಟಿಗೆ ಆಗುತ್ತದೆ, ಸೋಗೆಗೆ ಚೆನ್ನಾಗಿ ಆಗುತ್ತದೆ, ತಂತಿಗೆ ಅರ್ಧಂಬರ್ಧ. ಯಾಕೆ ಹೀಗೆ ಎಂದು ಗೊತ್ತಾದರೆ ಯಾವ ಸೆಟ್ಟಿಂಗ್ ಮುಟ್ಟಬೇಕು ಎಂಬುದು ತಾನಾಗೇ ಹೊಳೆಯುತ್ತದೆ. ಹಾಗಾಗಿ ಮೊದಲು ಅಲ್ಲಿಗೇ ಬರೋಣ.

ಗ್ರಾಫಿಕ್ಸ್ ಕಾರ್ಡ್ ಒಂದು ಪಿಕ್ಸೆಲ್‌ಗೆ ಬಣ್ಣ ಹಾಕುವಾಗ ಆ ಪಿಕ್ಸೆಲ್‌ನ ಇಡೀ ಚೌಕವನ್ನು ನೋಡುವುದಿಲ್ಲ. ಚೌಕದ ನಟ್ಟನಡುವಿನ ಒಂದು ಚುಕ್ಕಿಯನ್ನಷ್ಟೇ ನೋಡುತ್ತದೆ. ಆ ಚುಕ್ಕಿಯ ಹಿಂದೆ ಸೋಗೆ ಇದ್ದರೆ ಇಡೀ ಪಿಕ್ಸೆಲ್ ಹಸಿರು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಆಕಾಶ ಸಿಕ್ಕಿದರೆ ಇಡೀ ಪಿಕ್ಸೆಲ್ ಬಿಳಿ. ನಡುವೆ ಏನೂ ಇಲ್ಲ.

ಇದನ್ನು ನಿಮ್ಮ ತೋಟಕ್ಕೇ ಲೆಕ್ಕ ಹಾಕಿ ನೋಡಿ. ಕ್ಯಾಮೆರಾದ ನೋಟದ ಕೋನ ಅಡ್ಡಕ್ಕೆ 60 ಡಿಗ್ರಿ ಇದೆ ಎಂದುಕೊಳ್ಳೋಣ. 50 ಮೀಟರ್ ದೂರದಲ್ಲಿ ಅದು ಸುಮಾರು 58 ಮೀಟರ್ ಅಗಲದ ಜಾಗವನ್ನು ಹಿಡಿಯುತ್ತದೆ. ಅದನ್ನು 1920 ಪಿಕ್ಸೆಲ್‌ಗೆ ಹಂಚಿದರೆ ಒಂದು ಪಿಕ್ಸೆಲ್‌ಗೆ 3 ಸೆಂಟಿಮೀಟರ್. 100 ಮೀಟರಿಗೆ ಹೋದರೆ 6 ಸೆಂಟಿಮೀಟರ್. ಅಡಿಕೆ ಸೋಗೆಯ ಗರಿ ಎರಡು ಮೂರು ಬೆರಳಗಲ, ತುದಿಯಲ್ಲಿ ಇನ್ನೂ ಸಣ್ಣ. ಅಂದರೆ ತೋಟದ ಆಚೆ ಬದಿಯ ಮರಗಳ ಒಂದೊಂದು ಗರಿಯೂ ಒಂದು ಪಿಕ್ಸೆಲ್‌ಗಿಂತ ಕಿರಿದು. ನಡುವಿನ ಚುಕ್ಕಿ ಗರಿಗೆ ತಾಗಿತೋ ಇಲ್ಲವೋ ಎಂಬುದು ಪೂರಾ ಅದೃಷ್ಟದ ಮಾತು. ಕ್ಯಾಮೆರಾ ಒಂದು ಚೂರು ಸರಿದರೆ ಅದೃಷ್ಟವೂ ಬದಲಾಗುತ್ತದೆ. ಹೋದ ಫ್ರೇಮಿನಲ್ಲಿ ಹಸಿರಾಗಿದ್ದ ಪಿಕ್ಸೆಲ್ ಈ ಫ್ರೇಮಿನಲ್ಲಿ ಬಿಳಿ. ನೀವು ಮಿಣಮಿಣ ಎಂದಿರಲ್ಲ, ಅದು ಇದೇ.

ಈಗ 4ಕೆ, ಅಂದರೆ 3840×2160. ನಿಮ್ಮ ಮಾನಿಟರಿನಲ್ಲಿರುವುದು 20,73,600 ಪಿಕ್ಸೆಲ್. 4ಕೆಯಲ್ಲಿ 82,94,400. ಸರಿಯಾಗಿ ನಾಲ್ಕು ಪಟ್ಟು. ನಿಮ್ಮ ಪರದೆಯ ಪ್ರತಿ ಪಿಕ್ಸೆಲ್‌ನ ಪಾಲಿಗೆ ಅಡ್ಡ ಎರಡು, ಉದ್ದ ಎರಡು, ಒಟ್ಟು ನಾಲ್ಕು ಪಿಕ್ಸೆಲ್ ಬರುತ್ತವೆ. ಚಿತ್ರವನ್ನು ಮಾನಿಟರಿಗೆ ಕಳಿಸುವ ಮೊದಲು ಆ ನಾಲ್ಕರ ಬಣ್ಣವನ್ನು ಸರಾಸರಿ ಮಾಡಲಾಗುತ್ತದೆ. ನಿಮ್ಮ ಎರಡನೆಯ ಸ್ನೇಹಿತರಿಗೆ ಉತ್ತರ ಇಲ್ಲಿದೆ: ಹೆಚ್ಚಿನ ಪಿಕ್ಸೆಲ್‌ಗಳನ್ನು ಯಾರೂ ಎಸೆಯುವುದಿಲ್ಲ. ನಾಲ್ಕೂ ಸೇರಿ ಒಂದು ಬಣ್ಣವನ್ನು ತೀರ್ಮಾನ ಮಾಡುತ್ತವೆ. ನಾಲ್ಕರಲ್ಲಿ ಒಂದು ಚುಕ್ಕಿಗೆ ಸೋಗೆ ಸಿಕ್ಕಿದರೆ ಪಿಕ್ಸೆಲ್ ಕಾಲು ಭಾಗ ಹಸಿರು. ಎರಡಕ್ಕೆ ಸಿಕ್ಕಿದರೆ ಅರ್ಧ.

ಶಿವಮೊಗ್ಗದ ಅಡಿಕೆ ಮಂಡಿಗೆ ಹೋದವರಿಗೆ ಇದು ಹೊಸದಲ್ಲ. ಮೂಟೆಯ ಬಾಯಲ್ಲಿ ಕಂಡ ಒಂದೇ ಅಡಿಕೆ ನೋಡಿ ಇಡೀ ಮೂಟೆಗೆ ರಾಶಿ ಎಂದೋ ಗೊರಬಲು ಎಂದೋ ಯಾರೂ ರೇಟು ಕೂಗುವುದಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆದು ನೋಡುತ್ತಾರೆ. ಮೂಟೆ ಒಂದೇ, ರೇಟೂ ಒಂದೇ. ಆದರೆ ಆ ರೇಟು ಎಷ್ಟು ಅಡಿಕೆ ನೋಡಿ ಹೇಳಿದ್ದು ಎಂಬುದರಲ್ಲಿ ವ್ಯತ್ಯಾಸ. ಗ್ರಾಫಿಕ್ಸ್‌ನವರು ಹೀಗೆ ತೆಗೆದು ನೋಡುವುದನ್ನು ಸ್ಯಾಂಪಲ್ ಎನ್ನುತ್ತಾರೆ. ಹೆಚ್ಚು ಸ್ಯಾಂಪಲ್ ತೆಗೆದು ಸರಾಸರಿ ಮಾಡುವ ಈ ವಿಧಾನವೇ ಸೂಪರ್‌ಸ್ಯಾಂಪ್ಲಿಂಗ್.

ಇದು ಗೇಮ್ ಆಡುವವರು ಕಂಡುಹಿಡಿದ ಟ್ರಿಕ್ ಎಂದು ತಿಳಿಯಬೇಡಿ. 2014ರ ಐಫೋನ್ 6 ಪ್ಲಸ್ ಪರದೆ 1920×1080. ಆದರೆ ಫೋನ್ ಒಳಗೆ ಚಿತ್ರ ತಯಾರಾಗುತ್ತಿದ್ದದ್ದು 2208×1242ರಲ್ಲಿ. ಅದನ್ನು ಕುಗ್ಗಿಸಿ ಪರದೆಗೆ ಕೊಡುತ್ತಿದ್ದರು. 2016ರಲ್ಲಿ ಬಂದ ಎಚ್‌ಟಿಸಿ ವೈವ್ ಎಂಬ ವಿಆರ್ ಕನ್ನಡಕದಲ್ಲಿ ಒಂದೊಂದು ಕಣ್ಣಿಗೆ 1080×1200 ಪಿಕ್ಸೆಲ್‌ನ ಪರದೆ, ರೆಂಡರ್ ಮಾತ್ರ 1512×1680. ಅಲ್ಲಿ ಲೆನ್ಸ್ ಚಿತ್ರವನ್ನು ಎಳೆದು ಬಾಗಿಸುವುದರಿಂದ ನಡುಭಾಗ ಮಂಕಾಗಬಾರದು ಎಂದು ಮೊದಲೇ ಜಾಸ್ತಿ ಇಟ್ಟುಕೊಳ್ಳುತ್ತಾರೆ.

ಇನ್ನು ತಂತಿಯ ವಿಷಯ. ಕಂಬದ ತಂತಿ ಒಂದು ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಂಡರೂ 50 ಮೀಟರ್ ದೂರದಲ್ಲಿ ಅದು ಪಿಕ್ಸೆಲ್‌ನ ಮೂರನೇ ಒಂದು ಪಾಲು. 4ಕೆ ಮಾಡಿದರೆ ಸ್ಯಾಂಪಲ್‌ಗಳ ನಡುವಿನ ಅಂತರ 3ರಿಂದ 1.5 ಸೆಂಟಿಮೀಟರಿಗೆ ಇಳಿಯಿತು. ತಂತಿ ಇನ್ನೂ ಅದಕ್ಕಿಂತ ಸಣ್ಣ. ಅಲ್ಲಲ್ಲಿ ಚುಕ್ಕಿಗಳ ಸಂದಿಯಲ್ಲಿ ಜಾರಿಹೋಗುತ್ತದೆ. ಮೊದಲು ತುಂಡು ತುಂಡಾಗಿ ಕಾಣುತ್ತಿದ್ದದ್ದು ಈಗ ಮಂಕಾದ ತುಂಡುಗಳಾಗಿ ಕಾಣುತ್ತದೆ, ಅಷ್ಟೇ. ಇದಕ್ಕೆ ರೆಸಲ್ಯೂಷನ್ ಏರಿಸುತ್ತಾ ಕೂರುವುದು ದಂಡ. ದೂರದ ತಂತಿಯನ್ನು ಮಾಡೆಲ್‌ನಲ್ಲೇ ಸ್ವಲ್ಪ ದಪ್ಪ ಮಾಡಿ, ಬಣ್ಣವನ್ನು ಆಕಾಶದ ಕಡೆಗೆ ತಿಳಿಗೊಳಿಸಿ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಹೋಂಸ್ಟೇ ವಿಡಿಯೊ ಆದ್ದರಿಂದ ತಂತಿಯನ್ನು ಪೂರ್ತಿ ತೆಗೆದರೂ ಯಾವ ಮಾಲೀಕರೂ ಬೇಜಾರು ಮಾಡಿಕೊಳ್ಳಲಾರರು!

ಹೆಂಚಿನದು ಇನ್ನೊಂದು ಕಥೆ. ಮಾಡಿನ ಅಂಚು ಪರದೆಯಲ್ಲಿ ಹೆಚ್ಚು ಕಡಿಮೆ ಅಡ್ಡಗೆರೆಯ ಹಾಗೆ, ಸ್ವಲ್ಪವೇ ಓರೆಯಾಗಿ ಇರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ತೀರಾ ಎದ್ದು ಕಾಣುವುದು ಇಂಥ ಗೆರೆಯೇ. 4ಕೆ ರೆಂಡರಿನಲ್ಲಿ ನಾಲ್ಕು ಸ್ಯಾಂಪಲ್‌ಗಳು ಎರಡು ಸಾಲಿನಲ್ಲಿ ನೆಟ್ಟಗೆ ಕೂತಿರುತ್ತವೆ, ಮೇಲೆ ಎರಡು, ಕೆಳಗೆ ಎರಡು. ಅಡ್ಡಗೆರೆ ಮೇಲಿಂದ ಕೆಳಕ್ಕೆ ಇಳಿದಂತೆ ಮೇಲಿನ ಎರಡು ಬಹುತೇಕ ಒಟ್ಟಿಗೇ ಮುಚ್ಚುತ್ತವೆ, ಆಮೇಲೆ ಕೆಳಗಿನ ಎರಡು ಒಟ್ಟಿಗೇ. ಹಾಗಾಗಿ ಖಾಲಿ, ಅರ್ಧ, ಪೂರ್ತಿ ಎಂಬ ಮೂರೇ ಹಂತಗಳು ಸಿಗುತ್ತವೆ. ನಾಲ್ಕು ಪಟ್ಟು ಕೆಲಸ ಮಾಡಿಸಿ ಎರಡು ಪಟ್ಟು ಲಾಭ. ಅದೇ ನಾಲ್ಕು ಚುಕ್ಕಿಗಳನ್ನು ಸ್ವಲ್ಪ ತಿರುಗಿಸಿ, ಒಂದೊಂದೂ ಬೇರೆ ಬೇರೆ ಎತ್ತರದಲ್ಲಿ ಇರುವಂತೆ ಕೂರಿಸಿದರೆ? ಆಗ ಕಾಲು, ಅರ್ಧ, ಮುಕ್ಕಾಲು ಎಲ್ಲಾ ಸಿಗುತ್ತದೆ. ಕೆಲಸ ಅಷ್ಟೇ, ಅಂಚು ಎಷ್ಟೋ ನಯ. 2000ದಲ್ಲಿ ಬಂದ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ 5 ಕಾರ್ಡ್ ಹೀಗೇ ಮಾಡುತ್ತಿತ್ತು. ಅದರ ಚಿತ್ರವನ್ನು ಹಳಬರು ಇವತ್ತಿಗೂ ಹೊಗಳುತ್ತಾರೆ. ಕಂಪನಿ ಮಾತ್ರ ಉಳಿಯಲಿಲ್ಲ. ಅದೇ ವರ್ಷದ ಕೊನೆಗೆ ಅದರ ಆಸ್ತಿಯನ್ನು ಎನ್‌ವಿಡಿಯಾ ಕೊಂಡುಕೊಳ್ಳುವ ಒಪ್ಪಂದ ಆಯಿತು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೆ ಚುಕ್ಕಿಗಳನ್ನು ಸಾಲಾಗಿ ಇಡುವ ಪದ್ಧತಿಯನ್ನೇ ಬಿಡಬಹುದು. ಒಂದೊಂದು ಪಿಕ್ಸೆಲ್‌ಗೂ ಒಂದೊಂದು ಥರ ಚೆಲ್ಲಾಪಿಲ್ಲಿಯಾಗಿ ಚೆಲ್ಲಿ ನೋಡುವುದು. ಸಾಲಾಗಿ ಜೋಡಿಸಿದ ಹೆಂಚನ್ನು ಸಾಲಾದ ಚುಕ್ಕಿಗಳಿಂದ ನೋಡಿದಾಗ ಎರಡು ಸಾಲುಗಳೂ ಒಂದಕ್ಕೊಂದು ತಾಕಲಾಡಿ, ಇಲ್ಲದ ಅಲೆಗಳು ಮಾಡಿನ ಮೇಲೆ ಹರಿದಾಡುತ್ತವೆ. ಚುಕ್ಕಿಗಳು ಚೆಲ್ಲಾಪಿಲ್ಲಿ ಆದರೆ ಆ ಅಲೆ ಒಡೆದು ಬರೀ ಸಣ್ಣ ಕಾಳುಕಾಳು ಗದ್ದಲವಾಗುತ್ತದೆ. ಕಣ್ಣು ಅದನ್ನು ಸುಲಭವಾಗಿ ಮನ್ನಿಸುತ್ತದೆ. 1983ರಲ್ಲಿ ಯೆಲ್ಲಟ್ ಎಂಬ ಸಂಶೋಧಕರು ರೀಸಸ್ ಕೋತಿಯ ಕಣ್ಣಿನ ಒಳಪರದೆಯನ್ನು ನೋಡಿ ಹೇಳಿದ್ದು ಇದನ್ನೇ: ಕಣ್ಣಿನ ನಡುಭಾಗ ಬಿಟ್ಟರೆ ಉಳಿದ ಕಡೆ ಬೆಳಕು ಹಿಡಿಯುವ ಕೋಶಗಳು ಸಾಲಾಗಿಲ್ಲ, ಅಡ್ಡಾದಿಡ್ಡಿಯಾಗಿವೆ, ಹಾಗಾಗಿ ಸುಳ್ಳು ಅಲೆಗಳು ಕಾಣುವುದಿಲ್ಲ. ಸಿನಿಮಾ ಗ್ರಾಫಿಕ್ಸ್‌ನಲ್ಲಿದ್ದ ರಾಬರ್ಟ್ ಕುಕ್ ಮತ್ತು ಜೊತೆಗಾರರು 1984ರಲ್ಲಿ ಇದೇ ದಾರಿಯಲ್ಲಿ ರೆಂಡರ್ ಮಾಡಿ ತೋರಿಸಿದರು. ಇವತ್ತಿಗೂ ಸಿನಿಮಾ ರೆಂಡರ್ ಮಾಡುವವರು ಈ ದಾರಿಯಲ್ಲೇ ಇದ್ದಾರೆ.

ಈ ಇತಿಹಾಸ ಯಾಕೆ ಹೇಳಿದೆ ಎಂದರೆ ನಿಮ್ಮ ಬ್ಲೆಂಡರ್ ಕೂಡ ಅದೇ ಕೆಲಸ ಮಾಡುತ್ತಿದೆ. ಅದರ ಸೈಕಲ್ಸ್ ಎಂಬ ರೆಂಡರ್ ಎಂಜಿನ್‌ನಲ್ಲಿ ನೀವು 256 ಸ್ಯಾಂಪಲ್ ಎಂದು ಇಟ್ಟರೆ ಪ್ರತಿ ಪಿಕ್ಸೆಲ್ ಒಳಗೆ 256 ಬೇರೆ ಬೇರೆ ಚುಕ್ಕಿಗಳಲ್ಲಿ ನೋಡುತ್ತದೆ. ಸೂಪರ್‌ಸ್ಯಾಂಪ್ಲಿಂಗ್ ಆಗಲೇ ಆಗಿಹೋಗಿದೆ. ಅದನ್ನು ಮತ್ತೆ 4ಕೆಯಲ್ಲಿ ರೆಂಡರ್ ಮಾಡಿ ಕುಗ್ಗಿಸುವುದರಿಂದ ದೊಡ್ಡ ಲಾಭ ಇಲ್ಲ. ನಾಲ್ಕು ಪಟ್ಟು ಪಿಕ್ಸೆಲ್‌ಗೆ 64ರಂತೆ ಕೊಟ್ಟರೂ, ಒಂದಕ್ಕೇ 256 ಕೊಟ್ಟರೂ ಕೊನೆಗೆ ಎಣಿಕೆ ಒಂದೇ. ಕೊನೆಯ ವಿಡಿಯೊ 1080ಪಿ ಎಂದಾದರೆ ಬ್ಲೆಂಡರ್‌ನಲ್ಲಿ ರೆಸಲ್ಯೂಷನ್ 100 ಪರ್ಸೆಂಟಿಗೇ ಬಿಡಿ, ಬೇಕಿದ್ದರೆ ಸ್ಯಾಂಪಲ್ ಜಾಸ್ತಿ ಮಾಡಿ. ಬ್ಲೆಂಡರಿನ ಇನ್ನೊಂದು ರೆಂಡರ್ ಎಂಜಿನ್ ಈವಿಯೂ ಫ್ರೇಮನ್ನು ಹಲವು ಸಲ ಚೂರು ಚೂರೇ ಸರಿಸಿ ನೋಡಿ ಸರಾಸರಿ ತೆಗೆಯುತ್ತದೆ. ಅಲ್ಲೂ ಇದೇ ಮಾತು. ಆದರೆ ಗ್ರಾಹಕರು ಕೊನೆಗೆ ದೊಡ್ಡ ಫ್ಲೆಕ್ಸ್ ಮಾಡಿಸುತ್ತೇವೆ, ಸ್ಟಿಲ್ ಕೊಡಿ ಎಂದರೆ ಅದು ಬೇರೆ. ಅಲ್ಲಿ ಪಿಕ್ಸೆಲ್ಲೇ ಬೇಕು.

ತೊಂದರೆ ಇರುವುದು ಅನ್‌ರಿಯಲ್‌ನಲ್ಲಿ. ಅದು ಗೇಮಿಗಾಗಿ ಹುಟ್ಟಿದ ಎಂಜಿನ್. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಸಬೇಕು ಎಂದು ಪ್ರತಿ ಪಿಕ್ಸೆಲ್‌ಗೆ ಒಂದೇ ಸಲ ನೋಡಿ, ಹಿಂದಿನ ಫ್ರೇಮುಗಳ ನೆನಪನ್ನು ಬೆರೆಸಿ ನಯ ಮಾಡುತ್ತದೆ. ಟಿಎಎ, ಟಿಎಸ್‌ಆರ್ ಎಂಬವು ಇವೇ. ಕ್ಯಾಮೆರಾ ನಿಂತಿದ್ದಾಗ ಇವು ಬಹಳ ಚೆನ್ನ. ಕ್ಯಾಮೆರಾ ಸರಿದು, ಗಾಳಿಗೆ ಸೋಗೆಯೂ ಅಲ್ಲಾಡಿದರೆ ಹಿಂದಿನ ಫ್ರೇಮಿನ ನೆನಪು ಉಪಯೋಗಕ್ಕೆ ಬರುವುದಿಲ್ಲ. ಆಗ ಒಂದೋ ಮಸುಕು, ಇಲ್ಲವೇ ಮಿಣಮಿಣ.

ಎಂಎಸ್‌ಎಎ ಎಂಬ ಹಳೆಯ ವಿಧಾನದ ಹೆಸರನ್ನು ನೀವು ಕೇಳಿರಬಹುದು. ಅದು ಬುದ್ಧಿವಂತ ಜಿಪುಣ. ವಸ್ತುವಿನ ಅಂಚಿನಲ್ಲಿ ಮಾತ್ರ ನಾಲ್ಕು ಕಡೆ ನೋಡುತ್ತದೆ, ಬಣ್ಣದ ಲೆಕ್ಕ ಮಾತ್ರ ಒಂದೇ ಸಲ. ಮಾಡಿನ ಅಂಚಿಗೆ ಬಲು ಒಳ್ಳೆಯದು. ಆದರೆ ಸೋಗೆಗೆ ಸುಮ್ಮನೆ ಹಾಕಿದರೆ ಏನೂ ಆಗದು. ಯಾಕೆಂದರೆ ಗೇಮ್ ಮರಗಳಲ್ಲಿ ಸೋಗೆ ನಿಜವಾಗಿ ಗರಿ ಗರಿಯಾಗಿ ಇರುವುದಿಲ್ಲ. ಒಂದು ಚಪ್ಪಟೆ ಹಾಳೆ, ಅದರ ಮೇಲೆ ಸೋಗೆಯ ಚಿತ್ರ, ಗರಿಗಳ ನಡುವಿನ ಜಾಗ ಪಾರದರ್ಶಕ. ಕಾರ್ಡಿಗೆ ಆ ಹಾಳೆಯ ಅಂಚಷ್ಟೇ ಅಂಚು. ಗರಿಯ ಅಂಚು ಅದರ ಲೆಕ್ಕದಲ್ಲೇ ಇಲ್ಲ. ಇನ್ನು ಅನ್‌ರಿಯಲ್‌ನ ಮಾಮೂಲಿ ಡಿಫರ್ಡ್ ರೆಂಡರಿಂಗ್‌ನಲ್ಲಂತೂ ಎಂಎಸ್‌ಎಎ ಸಿಗುವುದೇ ಇಲ್ಲ, ಫಾರ್ವರ್ಡ್ ರೆಂಡರಿಂಗ್‌ಗೆ ಬದಲಾಯಿಸಬೇಕು. ನಿಮ್ಮ ಕೆಲಸಕ್ಕೆ ಅಷ್ಟು ರಗಳೆ ಬೇಡ.

ಸೂಪರ್‌ಸ್ಯಾಂಪ್ಲಿಂಗ್ ಇಂಥ ಭೇದ ಮಾಡುವುದಿಲ್ಲ. ಅಂಚು, ಪಾರದರ್ಶಕ ಗರಿ, ಒದ್ದೆ ಹೆಂಚಿನ ಮೇಲಿನ ಹೊಳಪು, ನೆರಳು, ಎಲ್ಲದಕ್ಕೂ ಅಷ್ಟೇ ಕೆಲಸ ಮಾಡುತ್ತದೆ. ಮೊದಲೇ ಸೋಗೆಗೆ ಚೆನ್ನಾಗಿ ಆಗುತ್ತದೆ ಎಂದದ್ದು ಇದಕ್ಕೇ. ಜೊತೆಗೆ ಇನ್ನೊಂದು ಲಾಭ ಇದೆ, ಜನ ಅದನ್ನು ಗಮನಿಸುವುದು ಕಡಿಮೆ. ಪ್ರತಿ ಟೆಕ್ಸ್‌ಚರಿಗೂ (ಮಾಡೆಲ್ ಮೇಲೆ ಅಂಟಿಸುವ ಚಿತ್ರಕ್ಕೂ) ಎಂಜಿನ್ ಅರ್ಧ, ಕಾಲು, ಅರೆಕಾಲು ಎಂದು ಸಣ್ಣ ಸಣ್ಣ ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ದೂರದ ವಸ್ತುವಿಗೆ ಸಣ್ಣ ಪ್ರತಿ ಬಳಸುತ್ತದೆ. ಅದನ್ನು ಮಿಪ್‌ಮ್ಯಾಪ್ ಎನ್ನುತ್ತಾರೆ. ರೆಂಡರ್ ರೆಸಲ್ಯೂಷನ್ ಎರಡು ಪಟ್ಟಾದರೆ ಎಂಜಿನ್ ಒಂದು ಮೆಟ್ಟಿಲು ದೊಡ್ಡ ಪ್ರತಿಯನ್ನು ತೆಗೆದುಕೊಳ್ಳುತ್ತದೆ. ಕುಗ್ಗಿಸಿದ ಮೇಲೂ ಆ ವಿವರದ ಸ್ವಲ್ಪ ಭಾಗ ಉಳಿಯುತ್ತದೆ. ಜಂಬಿಟ್ಟಿಗೆ ಗೋಡೆಯ ತೂತು, ಅಂಗಳದ ಸಗಣಿ ಸಾರಿಸಿದ ಗೆರೆ ಎಲ್ಲಾ ಸ್ವಲ್ಪ ಗರಿಗರಿಯಾಗಿ ಕಾಣುವುದು ಇದರಿಂದಲೇ.

ಈಗ ಮಾಡುವ ದಾರಿ. ಅನ್‌ರಿಯಲ್ ವ್ಯೂಪೋರ್ಟಿನಲ್ಲಿ, ಅಂದರೆ ಸೀನ್ ಕಾಣುವ ಕಿಟಕಿಯಲ್ಲಿ, ಸ್ಕ್ರೀನ್ ಪರ್ಸೆಂಟೇಜ್ ಎಂಬುದಿದೆ. ಅದನ್ನು 200 ಮಾಡಿದರೆ ಅಡ್ಡಕ್ಕೂ ಉದ್ದಕ್ಕೂ ಎರಡೆರಡು ಪಟ್ಟು, ಅಂದರೆ ನಾಲ್ಕು ಪಟ್ಟು ಪಿಕ್ಸೆಲ್. ಇಲ್ಲಿ ಬಹಳ ಜನ ಎಡವುತ್ತಾರೆ, 200 ಎಂದರೆ ದುಪ್ಪಟ್ಟು ಕೆಲಸ ಎಂದುಕೊಳ್ಳುತ್ತಾರೆ. ದುಪ್ಪಟ್ಟು ಬೇಕಿದ್ದರೆ 140 ಸಾಕು. ನೀವು ಕೆಲಸ ಮಾಡುವಾಗ 100ಕ್ಕೇ ಇಟ್ಟುಕೊಳ್ಳಿ. ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುವಾಗ ಮಾತ್ರ 140ಕ್ಕೆ ಏರಿಸಿ. 3060ಕ್ಕೆ ತೋಟದ ಸೀನ್‌ನಲ್ಲಿ 200 ಭಾರವಾಗುತ್ತದೆ. 12 ಜಿಬಿ ಮೆಮೊರಿ ಇರುವುದರಿಂದ ಜಾಗಕ್ಕೆ ಬರವಿಲ್ಲ, ಆದರೆ ಸೋಗೆಯ ಮೇಲೆ ಸೋಗೆ, ಅದರ ಮೇಲೆ ಸೋಗೆ ಎಂದು ಒಂದೇ ಪಿಕ್ಸೆಲನ್ನು ಮತ್ತೆ ಮತ್ತೆ ಬರೆಯುವುದರಲ್ಲೇ ಕಾರ್ಡ್ ಸುಸ್ತಾಗುತ್ತದೆ.

ಕೊನೆಯ ವಿಡಿಯೊಗೆ ಸ್ಕ್ರೀನ್ ಪರ್ಸೆಂಟೇಜ್ ಮುಟ್ಟಲೇಬೇಡಿ. ಅನ್‌ರಿಯಲ್‌ನ ಮೂವಿ ರೆಂಡರ್ ಕ್ಯೂ ಬಳಸಿ. ಅದರ ಆಂಟಿ ಏಲಿಯಾಸಿಂಗ್ (ಮೆಟ್ಟಿಲು, ಮಿಣಮಿಣ ತೆಗೆಯುವ) ಭಾಗದಲ್ಲಿ ಸ್ಪೇಶಿಯಲ್ ಸ್ಯಾಂಪಲ್, ಟೆಂಪೊರಲ್ ಸ್ಯಾಂಪಲ್ ಎಂದು ಎರಡಿವೆ. ಮೊದಲನೆಯದು ಒಂದೇ ಕ್ಷಣವನ್ನು ಕ್ಯಾಮೆರಾ ಚೂರು ಚೂರೇ ಅಲುಗಿಸಿ ಹಲವು ಸಲ ರೆಂಡರ್ ಮಾಡಿ ಸರಾಸರಿ ತೆಗೆಯುತ್ತದೆ. ಎರಡನೆಯದು ಷಟರ್ ತೆರೆದಿರುವ ಹೊತ್ತನ್ನು ಹೋಳು ಮಾಡಿ ನೋಡುತ್ತದೆ, ಹಾಗಾಗಿ ಚಲನೆಯ ಮಸುಕೂ ಸರಿಯಾಗಿ ಬರುತ್ತದೆ. ಇಲ್ಲಿ ಸಮಯದ ಅವಸರವಿಲ್ಲ. ಒಂದು ಫ್ರೇಮಿಗೆ ಐದು ಸೆಕೆಂಡ್ ಹಿಡಿದರೂ ಯಾರೂ ಕೇಳುವುದಿಲ್ಲ. ಎಂಜಿನ್ನಿನ ಸ್ವಂತ ಆಂಟಿ ಏಲಿಯಾಸಿಂಗನ್ನು ಓವರ್‌ರೈಡ್ ಮಾಡಿ 'ನನ್' (None) ಎಂದು ಇಡಿ. ಸ್ಪೇಶಿಯಲ್ ಒಂದು, ಟೆಂಪೊರಲ್ 16 ಎಂದು ಶುರು ಮಾಡಿ. ಸೋಗೆ ಇನ್ನೂ ಮಿನುಗಿದರೆ 32. ಸಮಯ ಅದೇ ಪ್ರಮಾಣದಲ್ಲಿ ಏರುತ್ತದೆ. ನನ್ನ ಕೇಳಿದರೆ ನಿಮ್ಮ ಸಮಸ್ಯೆಯ ಮುಖ್ಯ ಪರಿಹಾರ ಇದೇ. 4ಕೆ ರೆಂಡರ್ ಮಾಡಿ ಕುಗ್ಗಿಸಿದಾಗ ಸಿಗುವ ಸಾಲಾದ ನಾಲ್ಕು ಚುಕ್ಕಿಗಳಿಗಿಂತ ಚೆಲ್ಲಾಪಿಲ್ಲಿಯಾದ 16 ಚುಕ್ಕಿಗಳು ಹೆಂಚಿನ ಅಂಚಿಗೂ ಒಳ್ಳೆಯದು, ತಂತಿಗೂ ಒಳ್ಳೆಯದು.

ನಿಮ್ಮ ಮೊದಲನೆಯ ಸ್ನೇಹಿತ ಹೇಳಿದ್ದು ಬಹುಶಃ ಕಾರ್ಡಿನ ಡ್ರೈವರಿನಲ್ಲಿರುವ ಡಿಎಸ್‌ಆರ್ ಬಗ್ಗೆ, ಅದು ದೊಡ್ಡದಾಗಿ ರೆಂಡರ್ ಮಾಡಿಸಿ ಕುಗ್ಗಿಸಿ ತೋರಿಸುವ ಆಯ್ಕೆ. ಎನ್‌ವಿಡಿಯಾ 2014ರ ಸೆಪ್ಟೆಂಬರಿನಲ್ಲಿ ಜಿಟಿಎಕ್ಸ್ 970, 980 ಕಾರ್ಡುಗಳ ಜೊತೆ ಅದನ್ನು ತಂದಿತು. ಅದೇ ಡಿಸೆಂಬರಿನಲ್ಲಿ ಎಎಂಡಿ ಅಂಥದೇ ತನ್ನ ವಿಎಸ್‌ಆರ್ ತಂದಿತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆನ್ ಮಾಡಿದರೆ ವಿಂಡೋಸ್‌ಗೆ ನಿಮ್ಮ ಮಾನಿಟರ್ 4ಕೆ ಎಂದೇ ಕಾಣುತ್ತದೆ. ಗೇಮಿಗೆ ಇದು ಬಹಳ ಅನುಕೂಲ. ಅನ್‌ರಿಯಲ್ ಎಡಿಟರಿಗೆ ಬೇಡ, ಮೆನು ಅಕ್ಷರಗಳೆಲ್ಲ ಸಾಸಿವೆ ಕಾಳಾಗುತ್ತವೆ, ಅದೂ ಮಸುಕು ಸಾಸಿವೆ. ಅಲ್ಲಿರುವ 1.78, 2.25, 4.00 ಎಂಬ ಅಂಕಿಗಳು ಒಟ್ಟು ಪಿಕ್ಸೆಲ್ ಲೆಕ್ಕದವು. ನಿಮ್ಮ ಪರದೆಗೆ 1.78 ಅಂದರೆ 2560×1440, 2.25 ಅಂದರೆ 2880×1620, 4.00 ಅಂದರೆ 4ಕೆ. 4.00ರಲ್ಲಿ ನಾಲ್ಕಕ್ಕೆ ಒಂದು ಎಂದು ಸರಿಯಾಗಿ ಭಾಗವಾಗುವುದರಿಂದ ಸ್ಮೂತ್‌ನೆಸ್ ಎಂಬ ಮಸುಕಿನ ಸೆಟ್ಟಿಂಗನ್ನು ಸೊನ್ನೆಗೆ ಇಳಿಸಬಹುದು. ಉಳಿದವು ಸರಿಯಾಗಿ ಭಾಗವಾಗುವುದಿಲ್ಲ, ಅಲ್ಲಿ ಸ್ವಲ್ಪ ಮಸುಕು ಮಾಡಲೇಬೇಕು. ಡ್ರೈವರ್ ತಾನಾಗಿ ಇಡುವುದು 33 ಪರ್ಸೆಂಟ್.

ಆರ್‌ಟಿಎಕ್ಸ್ ಕಾರ್ಡುಗಳಿಗೆ 2022ರ ಜನವರಿಯಲ್ಲಿ ಡಿಎಲ್‌ಡಿಎಸ್‌ಆರ್ ಬಂತು. ಕುಗ್ಗಿಸುವ ಕೆಲಸವನ್ನು ಕಲಿತ ನ್ಯೂರಲ್ ನೆಟ್‌ವರ್ಕ್ ಮಾಡುತ್ತದೆ. 2.25ರಲ್ಲೇ ಹಳೆಯ 4.00ರ ಗುಣಮಟ್ಟ ಎಂದು ಕಂಪನಿ ಹೇಳುತ್ತದೆ. ಪೂರ್ತಿ ಅಷ್ಟು ಅಲ್ಲ ಎಂಬುದು ನನ್ನ ಅಭಿಪ್ರಾಯ, ಆದರೂ ಆ ಖರ್ಚಿಗೆ ಅದು ಕೊಡುವುದು ಜಾಸ್ತಿಯೇ. ಇದರಲ್ಲಿ ಸ್ಮೂತ್‌ನೆಸ್ ಸೊನ್ನೆಗೆ ಇಡಬೇಡಿ, ಅಂಚುಗಳು ತೀರಾ ಚೂಪಾಗಿ ಬಿಳಿ ಗೆರೆ ಬಂದ ಹಾಗೆ ಕಾಣುತ್ತವೆ. ಬಿಡುವಿನಲ್ಲಿ ಗೇಮ್ ಆಡುವವರಾದರೆ ಒಂದು ಮಜಾ ಲೆಕ್ಕ ಕೇಳಿ: ಡಿಎಲ್‌ಡಿಎಸ್‌ಆರ್ 2.25 ಇಟ್ಟು, ಗೇಮಿನಲ್ಲಿ ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿ ಹಿಗ್ಗಿಸುವ ವಿಧಾನ) ಕ್ವಾಲಿಟಿ ಆರಿಸಿ. ಕ್ವಾಲಿಟಿ ಎಂದರೆ ಒಂದೊಂದು ಬದಿಗೂ ಮೂರರಲ್ಲಿ ಎರಡು ಪಾಲು. 2880ರ ಮೂರರಲ್ಲೆರಡು 1920, 1620ರದ್ದು 1080. ಕಾರ್ಡ್ ನಿಜವಾಗಿ ಬಿಡಿಸುವುದು ನಿಮ್ಮ ಮಾನಿಟರಿನಷ್ಟೇ ಪಿಕ್ಸೆಲ್. ಅದನ್ನು ಹಿಗ್ಗಿಸಿ, ಮತ್ತೆ ಕುಗ್ಗಿಸಿ ತೋರಿಸುತ್ತದೆ. ಹುಚ್ಚಾಟದ ಹಾಗೆ ಕೇಳಿಸುತ್ತದೆ, ಅಲ್ವಾ? ಆದರೂ ಬರೀ ಟಿಎಎಗಿಂತ ಬಹಳ ಗೇಮ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹಿಗ್ಗಿಸುವಾಗ ಹಿಂದಿನ ಫ್ರೇಮುಗಳಿಂದ ತಂದ ಮಾಹಿತಿ ಸೇರಿರುತ್ತದೆ.

ಲ್ಯಾಪ್‌ಟಾಪ್ ಇರುವ ಓದುಗರಿಗೆ ಒಂದು ಮಾತು. ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಪರದೆ ಜೋಡಿಸಿರುವುದು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ, ಎನ್‌ವಿಡಿಯಾ ಚಿಪ್‌ಗಲ್ಲ. ಅಂಥವುಗಳಲ್ಲಿ ಡಿಎಸ್‌ಆರ್ ಆಯ್ಕೆಯೇ ಕಾಣುವುದಿಲ್ಲ. ಡ್ರೈವರ್ ಕೆಟ್ಟಿದೆ ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಎನ್‌ವಿಡಿಯಾ ಚಿಪ್‌ಗೆ ನೇರ ಜೋಡಿಸಿದ ಎಚ್‌ಡಿಎಂಐಗೆ ಹೊರಗಿನ ಮಾನಿಟರ್ ಹಾಕಿದರೆ ಬರುತ್ತದೆ.

ಸ್ಟಿಲ್ ಚಿತ್ರ ಕುಗ್ಗಿಸುವಾಗ ಒಂದು ಎಚ್ಚರಿಕೆ. ಕಪ್ಪು 0, ಬಿಳಿ 255. ಎರಡರ ಸರಾಸರಿ 127 ಎನ್ನುವುದು ಅಂಕಗಣಿತ. ಬೆಳಕಿನ ಲೆಕ್ಕದಲ್ಲಿ ಅದು ತಪ್ಪು. ಅರ್ಧ ಬೆಳಕಿಗೆ ಮಾನಿಟರಿನ ಅಂಕಿ 188. ಕೆಲವು ಫೋಟೊ ಎಡಿಟರುಗಳು 127ರ ದಾರಿಯಲ್ಲೇ ಕುಗ್ಗಿಸುತ್ತವೆ. ಆಗ ಬೆಳ್ಳಗಿನ ಆಕಾಶದ ಎದುರು ನಿಂತ ಅಡಿಕೆ ಮರದ ತಲೆ ಇರುವುದಕ್ಕಿಂತ ಕಪ್ಪಾಗಿ, ದಟ್ಟವಾಗಿ ಕಾಣುತ್ತದೆ. ಮಳೆಗಾಲದ ಮೋಡದ ಸೀನ್ ಮಾಡಿದಾಗ ಇದು ಎದ್ದು ಕಾಣುತ್ತದೆ. ಲೀನಿಯರ್ ಎಂಬ ಆಯ್ಕೆ ಇದ್ದರೆ ಅದನ್ನು ಬಳಸಿ.

4ಕೆ ಮಾನಿಟರ್ ತಗೊಳ್ಳಲಾ ಎಂದಿರಿ. ಸೂಪರ್‌ಸ್ಯಾಂಪ್ಲಿಂಗ್ ಚಿತ್ರವನ್ನು ಶುಚಿ ಮಾಡುತ್ತದೆ. ಇಲ್ಲದ ಪಿಕ್ಸೆಲನ್ನು ಹುಟ್ಟಿಸುವುದಿಲ್ಲ. ನಿಮ್ಮ 24 ಇಂಚಿನ ಪರದೆಯಲ್ಲಿ ಒಂದು ಪಿಕ್ಸೆಲ್ 0.277 ಮಿಲಿಮೀಟರ್. 60 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು ಕಣ್ಣಿಗೆ ಸುಮಾರು 1.6 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು). ಒಳ್ಳೆಯ ಕಣ್ಣು ಒಂದು ಆರ್ಕ್‌ಮಿನಿಟ್‌ನಷ್ಟು ಸಣ್ಣದನ್ನು ಗುರುತಿಸಬಲ್ಲದು. ಅಂದರೆ ನಿಮ್ಮ ಕಣ್ಣಿಗೆ ಇನ್ನೂ ಜಾಗವಿದೆ. 27 ಇಂಚಿನ 4ಕೆ ಪರದೆಯಲ್ಲಿ ಅದು 0.9ಕ್ಕೆ ಇಳಿಯುತ್ತದೆ. ಕಾರ್ಡಿಗೆ ಮಾತ್ರ ಎರಡೂ ಒಂದೇ: 4ಕೆ ರೆಂಡರ್ ಮಾಡಿ 1080ಪಿಗೆ ಕುಗ್ಗಿಸಿದರೂ, 4ಕೆ ಪರದೆಗೇ ಕಳಿಸಿದರೂ ಕೆಲಸ ಅಷ್ಟೇ. ದಿನವಿಡೀ 4ಕೆ ರೆಂಡರ್ ಮಾಡುವ ಶಕ್ತಿ ನಿಮ್ಮ ಕಾರ್ಡಿಗೆ ಇದ್ದಿದ್ದರೆ ಮಾನಿಟರ್ ತಗೊಳ್ಳಿ ಎನ್ನುತ್ತಿದ್ದೆ. 3060 ಹಾಕಿಕೊಂಡು ಅನ್‌ರಿಯಲ್‌ನಲ್ಲಿ ತೋಟ ಬೆಳೆಸುವವರಿಗೆ 27 ಇಂಚಿನ 2560×1440 ಹೊಂದುತ್ತದೆ. ಅವಸರವಿಲ್ಲದಿದ್ದರೆ ಅದೂ ಈಗ ಬೇಡ. ನಿಮ್ಮ ಮಿಣಮಿಣಕ್ಕೆ ಮಾನಿಟರ್ ಕಾರಣವಲ್ಲ.

ಆದರೆ ವಿಡಿಯೊವನ್ನು 4ಕೆಯಲ್ಲಿ ಕೊಡುವುದಕ್ಕೆ ಬೇರೆಯೇ ಒಂದು ಕಾರಣ ಇದೆ. ಮಾಮೂಲಿ ವಿಡಿಯೊ ಫೈಲುಗಳಲ್ಲಿ ಬೆಳಕಿನ ಮಾಹಿತಿ ಪೂರ್ತಿ ಇರುತ್ತದೆ, ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾತ್ರ. 1080ಪಿ ವಿಡಿಯೊದ ಬಣ್ಣ ಅಸಲಿಗೆ 960×540. ಕೆಂಪು ಹೆಂಚು, ಹಿಂದೆ ಹಸಿರು ಗುಡ್ಡ ಎಂಬ ನಮ್ಮ ಮಲೆನಾಡಿನ ಚಿತ್ರದಲ್ಲಿ ಅಂಚಿನ ಬಣ್ಣ ಕಲಸಿದಂತೆ ಕಾಣುವುದು ಇದಕ್ಕೇ. 4ಕೆ ವಿಡಿಯೊದಲ್ಲಿ ಬಣ್ಣ 1920×1080 ಇರುತ್ತದೆ. ಅದನ್ನು 1080ಪಿ ಟಿವಿಯಲ್ಲಿ ನೋಡಿದರೂ ಕೆಂಪು ಕೆಂಪಾಗೇ, ಹಸಿರು ಹಸಿರಾಗೇ ನಿಲ್ಲುತ್ತದೆ. ಯೂಟ್ಯೂಬಿಗೆ ಹಾಕುವುದಾದರೂ 4ಕೆ ಫೈಲಿಗೆ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಮೀಸಲಾಗುವ ಡೇಟಾ, ಜಾಸ್ತಿ ಸಿಗುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಇದ್ಯಾವುದೂ ಬೇಡ, ಅದು ಎಲ್ಲವನ್ನೂ ಅರೆದುಬಿಡುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಿ.

ಕರೆಂಟಿನ ಮಾತು ಎತ್ತಿದ್ದರಿಂದ ಹೇಳುತ್ತೇನೆ. 3060 ಪೂರ್ತಿ ಕೆಲಸದಲ್ಲಿದ್ದಾಗ 170 ವ್ಯಾಟ್ ಎಳೆಯುತ್ತದೆ. ಪ್ರೊಸೆಸರ್, ಮಾನಿಟರ್ ಎಲ್ಲಾ ಸೇರಿದರೆ 300ರ ಆಸುಪಾಸು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ, ಅದೂ ಬ್ಯಾಟರಿ ಹೊಸದಿದ್ದಾಗ. ರೆಂಡರ್ ನಡೆಯುವಾಗ ಕರೆಂಟ್ ಹೋದರೆ ಅದು ಕೂಗಿ ನಿಂತುಬಿಡಬಹುದು. 1000 ವಿಎ ಇದ್ದರೆ ನೆಮ್ಮದಿ. ಅದಕ್ಕಿಂತ ಮುಖ್ಯ, ಮೂವಿ ರೆಂಡರ್ ಕ್ಯೂನಲ್ಲಿ ನೇರ ವಿಡಿಯೊ ಫೈಲ್ ಮಾಡಬೇಡಿ. ಒಂದೊಂದು ಫ್ರೇಮನ್ನೂ ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರವಾಗಿ ಬರೆಸಿ. ಆಷಾಢದ ರಾತ್ರಿ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಎರಡು ಗಂಟೆಗೆ ಕರೆಂಟ್ ಹೋದರೂ ಅಲ್ಲಿಯವರೆಗಿನ ಫ್ರೇಮುಗಳು ಡಿಸ್ಕಿನಲ್ಲಿ ಉಳಿದಿರುತ್ತವೆ. ಬೆಳಿಗ್ಗೆ ಕೊನೆಯ ಫ್ರೇಮಿನ ನಂಬರ್ ನೋಡಿ. ಅದು ಅರ್ಧಂಬರ್ಧ ಬರೆದಿರಬಹುದು, ಅಳಿಸಿಬಿಡಿ. ಆ ನಂಬರಿನಿಂದಲೇ ಮುಂದುವರಿಸಿ. ಎಲ್ಲಾ ಮುಗಿದ ಮೇಲೆ ಡಾವಿಂಚಿ ರಿಸಾಲ್ವ್‌ನಲ್ಲೋ ಬ್ಲೆಂಡರಿನ ವಿಡಿಯೊ ಎಡಿಟರಿನಲ್ಲೋ ಜೋಡಿಸಿಕೊಳ್ಳಿ.